ಲೋಟ ಸದ್ದು ಮಾಡದ ಗಾಡಿ

“ನನಗ ಎಸ್ಟಿ ಬಸ್ಸಿನ ಅಂಜಿಕಿ ಇಲ್ಲ ಯವ್ವಾ, ಮಂದಿ ತಿಳಕೊಂಡಂಗ. ಬಸ್ಸೇನು ನನ್ನ ನುಂಗತದೇನು? ನಿಂತ ಬಸ್ಸಿನ್ಯಾಗ ಎಷ್ಟೊತ್ತು ಕೂಡು ಅಂದ್ರೂ ಕೂಡ್ತೀನಿ. ಡ್ರೈವರ ಬಂದು ಚಾಲೂ ಮಾಡ್ದ ಅಂದ್ರ ಮುಗೀತು. ಅದು ಕೆಳಗಿಂದ ಬರ್ತದ ನೋಡು. ಮೊದಲ ಅಂಗಾಲಿಗಿ, ಆಮ್ಯಾಲ ಮೊಣಕಾಲಿಗಿ, ಆಮ್ಯಾಲ ಹಲ್ಲಿಗಿ. ಹಲ್ಲು ಕಟಕಟ ಅಂತಾವ. ಆವಾಗ ನಾ ಬಸ್ಸಿನ್ಯಾಗ ಇರಂಗೇ ಇಲ್ಲ. ಸಾಸ್ತೂರಾಗ ನಮ್ಮಪ್ಪನ ಮನ್ಯಾಗ ಇರ್ತೀನಿ. ಗಣಪತಿ ಕಳಿಸಿ ಬಂದು ಎಲ್ಲಾರೂ ಮಲಗಿದ್ದಿವಿ. ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ. ಮೊದಲ ಸದ್ದು ಬಂತು, ನೆಲದ ಒಳಗ ಲಾರಿ ಹಿಂಡು ಹೊಂಟಂಗ. ಮಾಡದಾಗ ನಮ್ಮವ್ವ ಚರಗಿ ಡಬ್ಬ ಹಾಕಿ ಅದರ ಮ್ಯಾಲ ಗಿಲಾಸ ಡಬ್ಬ ಇಟ್ಟಿದ್ಲು, ಅದು ಕಿಣಿಕಿಣಿ ಅಂತು. ಯಾರು ಗಿಲಾಸ ಆಡಸ್ಲಾಕತ್ತಾರ ಅಂತ ನಾ ನಿದ್ದಿಗಣ್ಣಾಗ ಕೇಳ್ದೆ. ಅಷ್ಟ ಕೇಳಿದ್ದು. ಆಮ್ಯಾಲ ಬಾಯ್ತುಂಬ ಮಣ್ಣು. ನಮ್ಮಕ್ಕ ಮಾಳಮ್ಮ ಅಂಗಳದಾಗ ಮಲಗಿದ್ಲು. ಆಕಿ ಬರೇ ಕೈಲೆ ಮಣ್ಣು ಕೆದರಿ ನನ್ನ ಹೊರಗ ಜಗ್ಗಿದ್ಲು. ಅವ್ವ ಅಪ್ಪ ಅಲ್ಲೇ ಉಳದ್ರು. ಅದಕ್ಕ ಯವ್ವಾ, ಯಾವುದ್ರಾಗ ನಡಗ ಅದನೋ ಅದರಾಗ ನಾ ಕೂಡಂಗಿಲ್ಲ. ನನಗ ಕಾಲು ಅವ. ನಡೀತೀನಿ.”

ಗುರಮ್ಮ ಇದನ್ನು ಹೇಳಿದ್ದು ಸೊಸೆ ಸುವರ್ಣಾಳಿಗೆ. ಸುವರ್ಣಾ ಮದುವೆಯಾಗಿ ಮರಾಠಿ ಸೀಮೆಯ ಗುಂಜೋಟಿಯ ಆ ಮನೆಗೆ ಬಂದ ಹೊಸದರಲ್ಲಿ, ಉಮರಗಾದ ಬಜಾರಕ್ಕೆ ತಲೆಯ ಮೇಲೆ ಬುಟ್ಟಿ ಹೊತ್ತು ಹೊರಟ ಅತ್ತೆಯನ್ನು ನೋಡಿ, “ಬಸ್ಸು ಅದಲ್ರೀ ಅತ್ತಿ, ನಡಕೋತ ಯಾಕ ಹೋಗ್ತೀರಿ?” ಎಂದು ಕೇಳಿದ್ದಳು. ಅತ್ತೆ ಬುಟ್ಟಿಯನ್ನು ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಒಂದೇ ಉಸಿರಿನಲ್ಲಿ ಇಷ್ಟನ್ನೂ ಹೇಳಿ, ಮತ್ತೆ ಬುಟ್ಟಿ ಹೊತ್ತು ನಡೆದೇಬಿಟ್ಟಳು. ಸುವರ್ಣಾ ಆ ಮೇಲೆ ಆ ಪ್ರಶ್ನೆಯನ್ನು ಕೇಳಲಿಲ್ಲ.

ಗುಂಜೋಟಿಯ ಮನೆಯ ಮಾಡದಲ್ಲೂ, ಗೋಡೆಯ ಆ ಗೂಡಿನಲ್ಲಿ, ಒಂದು ಹಿತ್ತಾಳೆ ಚರಿಗೆ ಬೋರಲಾಗಿ ಕೂತಿರುತ್ತಿತ್ತು. ಅದರ ದುಂಡು ತಳದ ಮೇಲೆ ಒಂದು ಲೋಟ, ಅದೂ ಬೋರಲು. ಸಾಸ್ತೂರಿನ ಮಣ್ಣಿನಿಂದ ಎತ್ತಿ ತಂದ ಸಾಮಾನುಗಳಲ್ಲಿ ಅವು ಎರಡು. ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ ಲೋಟ ಕಿಣಿ ಎನ್ನುತ್ತಿತ್ತು. ಗುರಮ್ಮ ಹಿಟ್ಟು ಕಲಸುತ್ತಿದ್ದರೆ ಹಿಟ್ಟಿನ ಕೈಯಲ್ಲೇ, ತಲೆ ಬಾಚುತ್ತಿದ್ದರೆ ಬಿಚ್ಚಿದ ಕೂದಲಲ್ಲೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಟ್ರ್ಯಾಕ್ಟರ್ ಎಂದು ಗೊತ್ತಾದ ಮೇಲೆ ಏನೂ ಆಗದವಳಂತೆ ಒಳಗೆ ಹೋಗುತ್ತಿದ್ದಳು. ಪಕ್ಕದ ಮನೆಯ ಶೇವಂತಾಬಾಯಿ ಮೊದಮೊದಲು ನಗುತ್ತಿದ್ದಳು. ಆಮೇಲೆ ಅವಳೂ ತನ್ನ ಮನೆಯಲ್ಲಿ ಒಂದು ಲೋಟ ಬೋರಲು ಹಾಕಿಟ್ಟಳು.

ಗುರಮ್ಮನ ಗಂಡ ಅಂಬಾದಾಸ ಕುರಿ ಕಾಯುವ ಮನೆತನದವನು, ಬೀರಪ್ಪನ ಒಕ್ಕಲು. ಇಬ್ಬರೂ ವಯಸ್ಸಿನಲ್ಲಿದ್ದಾಗ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು, ಕುದುರೆಯ ಮೇಲೆ ಗಡಿಗೆ ಮಡಿಕೆ ಕಂಬಳಿ ಹೇರಿಕೊಂಡು, ನಿಲಂಗಾ ದಾಟಿ ಉದಗೀರದ ಹೊಲಗಳ ತನಕ ಹೋಗುತ್ತಿದ್ದರು. ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ಕಾಳು ಪಡೆಯುತ್ತಿದ್ದರು. ಆಗ ಅಕ್ಕನನ್ನು ಕಾಣುವುದು ಗುರಮ್ಮನಿಗೆ ಕಷ್ಟವೇ ಇರಲಿಲ್ಲ. ಮಾಳಮ್ಮನ ಗಂಡನ ಮನೆ ಇದ್ದದ್ದು ಉದಗೀರದಲ್ಲೇ. ಕುರಿಯ ಹಾದಿಯೇ ಅಕ್ಕನ ಹಾದಿ.

ಕಾಲ ಸರಿದಂತೆ ಕುದುರೆ ಸತ್ತಿತು. ಮಗ ಭೀಮಾಶಂಕರ ಕುರಿ ಕಡಿಮೆ ಮಾಡಿ ಊರ ಹತ್ತಿರವೇ ಮೇಯಿಸತೊಡಗಿದ. ಗುರಮ್ಮನ ಮೊಣಕಾಲಿಗೆ ಉಮರಗಾ ಸಾಕು, ಅದರಾಚೆ ಬೇಡ ಎನಿಸತೊಡಗಿತು. ಅಲ್ಲಿಂದ ಮುಂದೆ ಮಾಳಮ್ಮನೇ ಪ್ರತಿ ಪಂಚಮಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬ ಅದು. ಇವರಿಬ್ಬರ ತವರು ಮಣ್ಣಾಗಿತ್ತು. ಅದಕ್ಕೆ ಅಕ್ಕ ತಂಗಿ ಸೇರಿದಲ್ಲೇ ತವರು ಎಂದು ಅವರು ಮಾಡಿಕೊಂಡಿದ್ದರು. ಅಕ್ಕ ಹುರಿದು ಅರಳಿಸಿದ ಜೋಳದ ಅಳ್ಳು ತರುವಳು, ತಂಗಿ ಬೇವಿನ ಮರಕ್ಕೆ ಜೋಕಾಲಿ ಹಾಕಿಸುವಳು. ಇಬ್ಬರೂ ಮುದುಕಿಯರಾಗುತ್ತ ಬಂದರೂ ಜೋಕಾಲಿ ತಪ್ಪಿರಲಿಲ್ಲ.

ಭೂಕಂಪವಾಗಿ ಇಪ್ಪತ್ತೈದು ವರ್ಷ ದಾಟಿದ ಮೇಲಿನ ಒಂದು ಬೇಸಿಗೆಯಲ್ಲಿ ಮಾಳಮ್ಮ ನೀರಿನ ಹೌದಿನ ಬಳಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಒಳಗೆ ರಾಡು ಹಾಕಿದರು. ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು ಆಯಿತು, ಬಸ್ಸು ಹತ್ತುವಷ್ಟು ಆಗಲಿಲ್ಲ. ಆ ಪಂಚಮಿಗೆ ಅವಳು ಬರಲಿಲ್ಲ. ಫೋನಿನಲ್ಲಿ ಮಾತಾಡಿದಳು.

“ಗುರೂ, ನನ್ನ ಕೈಲೆ ಇನ್ನ ಆಗಂಗಿಲ್ಲವ್ವ. ಮುಂದಿನ ಪಂಚಮಿಗಿ ನೀನೇ ಬಾ.”

“ಹ್ಯಾಂಗ ಬರ್ಲಿ ಯಕ್ಕಾ?”

“ನಾ ಸತ್ತಾಗ ಹ್ಯಾಂಗ ಬರ್ತಿ? ಹಂಗ ಬಾ.”

ಗುರಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಹೋದಳು. ಮಣ್ಣು ಕೆದರಿ ತನ್ನನ್ನು ಎಳೆದ ಕೈ ಈಗ ಕೋಲು ಹಿಡಿದಿದೆ. ಆ ಕೈ ಇರುವಲ್ಲಿಗೆ ತನಗೆ ಹೋಗಲಾಗುತ್ತಿಲ್ಲ. ಈ ನಾಚಿಕೆಯನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಆದರೆ ಅಂಬಾದಾಸನಿಗೆ ಅದು ಕಂಡಿತು. ಅವಳು ಆ ದಿನ ಜೋಕಾಲಿಯಲ್ಲಿ ಒಬ್ಬಳೇ ಕೂತಿದ್ದಳು.

ಅವನು ಹಿಂದೆ ಏನೂ ಮಾಡದವನಲ್ಲ. ಒಮ್ಮೆ ಜೀಪು ತರಿಸಿದ್ದ. ಅದು ಚಾಲೂ ಆಗುತ್ತಲೇ ಗುರಮ್ಮ ಆಚೆ ಬದಿಯಿಂದ ಇಳಿದಿದ್ದಳು. ಇನ್ನೊಮ್ಮೆ ಕಾರು ತರಿಸಿದ. ಕಾರು ಮೆತ್ತಗಿತ್ತು. ಆದರೆ ನಾಲ್ಕೂ ಬಾಗಿಲು ಮುಚ್ಚಿದವು, ತಲೆಗೆ ತಾಗುವಂತೆ ಮೇಲೆ ತಗಡು. “ಹೂಳಬ್ಯಾಡ್ರಿ ನನ್ನ,” ಎಂದು ಅವಳು ಕೂಗಿದ್ದನ್ನು ಕೇಳಿ ಕಾರಿನವನು ತಾನೇ ಹೆದರಿ ಬಾಗಿಲು ತೆಗೆದ. ಅಂಬಾದಾಸನ ಮೋಟರ್‌ಸೈಕಲ್ಲು ಅಂಗಳದಲ್ಲಿ ಚಾಲೂ ಆದರೆ ಮಾಡದ ಲೋಟವೇ ಉರುಳುತ್ತಿತ್ತು. ಅದಕ್ಕೆಂದು ಅವನು ಅದನ್ನು ಓಣಿಯ ತುದಿಯವರೆಗೆ ನೂಕಿಕೊಂಡು ಹೋಗಿ ಒದ್ದು ಚಾಲೂ ಮಾಡುತ್ತಿದ್ದ.

ಆ ಪಂಚಮಿಯ ದಿನ ಸುವರ್ಣಾ ಅತ್ತೆಯ ಜೋಕಾಲಿಯನ್ನು ಜೋರಾಗಿ ತೂಗಿದಳು. ಗುರಮ್ಮನ ಕಾಲು ಬೇವಿನ ಟೊಂಗೆಗೆ ತಾಗುವಷ್ಟು ಮೇಲೆ ಹೋದವು. ಅವಳ ಮುಖದಲ್ಲಿ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಅಂಬಾದಾಸ ಬಾಯಿ ತೆರೆದು ನೋಡುತ್ತ ನಿಂತ.

“ಗುರಮ್ಮಾ, ನಿನಗ ಓಡೋದರ ಅಂಜಿಕಿ ಅಲ್ಲ. ನಡಗೋದರ ಅಂಜಿಕಿ.”

“ಇದನ್ನ ನಾ ಇಪ್ಪತ್ತೈದು ವರ್ಷದಿಂದ ಹೇಳಕೋತ ಬಂದೀನ್ರಿ,” ಎಂದಳು ಗುರಮ್ಮ ಮೇಲಿನಿಂದ. “ನಿಮಗ ಇವತ್ತು ಕೇಳಸ್ತು.”

ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ದಿನ ಮಾಡದಲ್ಲಿ ಚರಿಗೆಯೂ ಇಲ್ಲ, ಲೋಟವೂ ಇಲ್ಲ. ಗುರಮ್ಮ ಮನೆ ತುಂಬ ಹುಡುಕಿದಳು. ಅವು ಅಂಬಾದಾಸನ ಹೆಗಲ ಚೀಲದಲ್ಲಿ ಉಮರಗಾ ಸೇರಿದ್ದವು. ಅವನು ಅಲ್ಲಿಯ ಗ್ಯಾರೇಜುಗಳನ್ನು ಒಂದೊಂದಾಗಿ ಸುತ್ತಿದ. ಗಾಡಿ ಚಾಲೂ ಮಾಡಿಸುವುದು, ಸೀಟಿನ ಮೇಲೆ ಚರಿಗೆ ಬೋರಲು ಹಾಕುವುದು, ಅದರ ಮೇಲೆ ಲೋಟ ಇಟ್ಟು ಕಿವಿ ಕೊಡುವುದು. ಮೋಟರ್‌ಸೈಕಲ್ಲಿನ ಮೇಲೆ ಲೋಟ ನಿಲ್ಲಲೇ ಇಲ್ಲ. ಸಣ್ಣ ಸ್ಕೂಟರಿನ ಮೇಲೆ ನಿಂತಿತು, ಆದರೆ ಒಂದೇ ಸಮ ಕಿಣಿಗುಟ್ಟಿತು. ಗ್ಯಾರೇಜಿನವರು, “ಕಾಕಾ, ಚಹಾ ತರಸ್ಲೇನು, ಗಿಲಾಸ ನಿಂದೇ ಅದ,” ಎಂದು ನಕ್ಕರು. ಅಂಬಾದಾಸ ನಗದೆ ಮುಂದಿನ ಗಾಡಿಗೆ ಹೋಗುತ್ತಿದ್ದ.

ಕಡೆಗೆ ಧನರಾಜ ಎಂಬ ಮೇಸ್ತ್ರಿಯ ಶೆಡ್ಡಿನ ಮೂಲೆಯಲ್ಲಿ ಹೊದಿಕೆ ಮುಚ್ಚಿದ್ದ ಒಂದು ಗಾಡಿ ಕಂಡಿತು. ಹೈದರಾಬಾದಿನ ಹೆದ್ದಾರಿ ಅಗಲ ಮಾಡಲು ಬಂದಿದ್ದ ಯಾರೋ ಸಾಹೇಬ ದೂರದೂರ ತಿರುಗಾಡಲು ತರಿಸಿಕೊಂಡದ್ದು, ವರ್ಗವಾದಾಗ ಬಿಟ್ಟುಹೋದದ್ದು. ಹೆಸರಿಗೆ ಸ್ಕೂಟರು. ಆಕಾರ ಎಮ್ಮೆಯದು. ಮುಂದೆ ಎದೆಯೆತ್ತರದ ಗಾಜು, ಹಿಂದೆ ಕೂತವರ ಬೆನ್ನಿಗೆ ಒರಗು, ಸೀಟು ಹಾಸಿಗೆಯಷ್ಟು ಅಗಲ. ಧನರಾಜ ಗುಂಡಿ ಒತ್ತಿದ. ಅಂಬಾದಾಸ ಲೋಟ ಇಟ್ಟ. ಲೋಟ ಸುಮ್ಮನೆ ಕೂತಿತು. ಧನರಾಜ ಕೈ ತಿರುವಿ ರೇಸ್ ಕೊಟ್ಟ. ಒಂದೇ ಒಂದು ಸಲ ಕಿಣ್ ಎಂದು ಲೋಟ ಮತ್ತೆ ಸುಮ್ಮನಾಯಿತು.

“ಇದ ಬೇಕು,” ಎಂದ ಅಂಬಾದಾಸ.

“ಒಂದು ಸುತ್ತರೆ ಹೊಡದು ನೋಡು ಕಾಕಾ.”

“ನೋಡೋದು ಆತು.”

ಮೋಟರ್‌ಸೈಕಲ್ಲೂ ಎರಡು ಟಗರೂ ಆ ಕಡೆ ಹೋದವು, ದೊಡ್ಡ ಸ್ಕೂಟರು ಈ ಕಡೆ ಬಂತು.

ಗುಂಜೋಟಿಯ ಪೇಟೆಯಲ್ಲಿ ಅದು ಬಂದಾಗ ಕಿರಾಣಿ ಅಂಗಡಿಯ ಮನ್ಮಥಪ್ಪ ಕನ್ನಡಕ ಏರಿಸಿದ. ಬೇರೆ ಸ್ಕೂಟರುಗಳಲ್ಲಿ ಕಾಲಿಡುವಲ್ಲಿ ಸಪಾಟು ಜಾಗ ಇರುತ್ತದೆ. ಇದರಲ್ಲಿ ಆ ಜಾಗದ ನಡುವೆ ಒಂದು ದೊಡ್ಡ ಡುಬ್ಬ ಎದ್ದಿತ್ತು.

“ಅಂಬಾದಾಸಾ, ನಿನ್ನ ಸ್ಕೂಟರಿಗಿ ಎಷ್ಟು ತಿಂಗಳಪಾ? ಹೊಟ್ಟಿ ಮುಂದ ಬಂದದ.”

“ದಿನ ತುಂಬ್ಯಾವ ಕಾಕಾ. ಹಡದ್ರ ಒಂದು ಮರಿ ನಿಮಗ ಕಟ್ಟತೀನಿ.”

ನಗು ಮನೆಯವರೆಗೂ ಬಂತು. ಶೇವಂತಾಬಾಯಿ ಬಾಗಿಲಲ್ಲಿ ನಿಂತು, “ಅಗ ಬಾಯೀ! ಕೇವಢೀ ಮೋಠೀ!” ಎಷ್ಟು ದೊಡ್ಡದಿದು ಎಂದು ಮರಾಠಿಯಲ್ಲಿ ಉದ್ಗರಿಸಿ ಗಲ್ಲಕ್ಕೆ ಕೈ ಇಟ್ಟಳು. “ಗುರಮ್ಮಾ, ಇದರ ಮ್ಯಾಲ ಹತ್ತಾಕ ನಿಚ್ಚಣಿಕಿ ಬೇಕವ್ವ ನಿನಗ!” ಸುವರ್ಣಾ ಮಾತ್ರ ಗಾಡಿಯನ್ನು ಸುತ್ತಿ ನೋಡಿ ಮೆಲ್ಲಗೆ ಕೇಳಿದಳು. “ಮಾವಾ, ಹಿಂಡಿ ಚೀಲ ಎಲ್ಲಿ ಇಡ್ತೀರಿ? ಗ್ಯಾಸಿನ ಸಿಲಿಂಡರ?”

ಅಂಬಾದಾಸ ಡುಬ್ಬವನ್ನು ನೋಡಿದ. ಚೀಲಕ್ಕೆ ಅದು ಅಡ್ಡ ಎಂಬುದು ಆಗಷ್ಟೇ ಅವನಿಗೆ ಹೊಳೆದಂತಿತ್ತು. ಊರಿನಲ್ಲಿ ಸ್ಕೂಟರು ಕೊಳ್ಳುವವರು ಮೊದಲು ನೋಡುವುದೇ ಚೀಲ ಇಡುವ ಜಾಗ. ಅವನು ಲೋಟ ಒಂದನ್ನೇ ನೋಡಿದ್ದ.

“ಏನ ಕೇಳ್ತಿ ಬಿಡು,” ಎಂದ, ಬೆವರು ಒರೆಸಿಕೊಳ್ಳುತ್ತ.

ಗುರಮ್ಮ ಒಳಗೇ ಇದ್ದಳು. ಚರಿಗೆ ಲೋಟ ಮಾಡಕ್ಕೆ ಮರಳಿದ್ದವು, ಅವಳ ಕಣ್ಣು ಅದರ ಮೇಲಿತ್ತು. ಬಹಳ ಹೊತ್ತಿನ ಮೇಲೆ ಹೊಸ್ತಿಲಿಗೆ ಬಂದಳು.

“ಚಾಲೂ ಮಾಡ್ರಿ ನೋಡಾಮು, ಮಾಡೋದೇ ಇದ್ರ.”

“ಚಾಲೂ ಆಗೇ ನಿಂತದ. ನಾ ಬಂದಾಗಿಂದ ಬಂದ್ ಮಾಡಿಲ್ಲ.”

ಅವಳು ಮಾಡದ ಕಡೆ ತಿರುಗಿ ನೋಡಿದಳು, ಗಾಡಿಯ ಕಡೆ ನೋಡಿದಳು. ಇಳಿದು ಬಂದು, ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ನೋಡುವಂತೆ ಅಂಗೈಯನ್ನು ಸೀಟಿನ ಮೇಲೆ ಚಪ್ಪಟೆಯಾಗಿ ಇಟ್ಟಳು.

“ಒಳಗ ಅದ,” ಎಂದಳು. “ಸಣ್ಣದು. ಆದ್ರ ಅದ.” ಕೈ ತೆಗೆದು ಒಳಗೆ ಹೋದಳು.

ಅಂಬಾದಾಸ ಗಾಡಿ ಬಂದ್ ಮಾಡಿದ. ಟಗರು ಹೋದವು, ಮೋಟರ್‌ಸೈಕಲ್ಲು ಹೋಯಿತು, ಚೀಲಕ್ಕೆ ಜಾಗವಿಲ್ಲ, ಹೆಂಡತಿ ಕೂಡುವುದಿಲ್ಲ. ಬೇರೆಯವನಾಗಿದ್ದರೆ ಸಿಟ್ಟಾಗುತ್ತಿದ್ದ. ಅವನು ಕುದುರೆ ಒಗ್ಗಿಸಿದವನು. ಹೊಸ ಕುದುರೆಯ ಬೆನ್ನ ಮೇಲೆ ಮೊದಲ ದಿನವೇ ಹೇರು ಹಾಕುವವನು ಕುರುಬನಲ್ಲ. ಮೊದಲು ಕಂಬಳಿ ಹಾಕಬೇಕು. ಹಾಗೇ ನಿಲ್ಲಲು ಬಿಡಬೇಕು. ಆಮೇಲೆ ಖಾಲಿ ಚೀಲ ಹಾಕಿ ಹಗ್ಗ ಹಿಡಿದು ನಡೆಸಬೇಕು. ಅದಕ್ಕೆ ಬೇಕೆನಿಸಿದಾಗ ಅದೇ ಹೆಜ್ಜೆ ಹಾಕುತ್ತದೆ.

ಮರುದಿನ ಅವನು ಗಾಡಿಯನ್ನು ಬೇವಿನ ನೆರಳಿನಲ್ಲಿ ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದ. ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಿಂದಿನ ಸೀಟಿಗೆ ಹಾಸಿದ. ಕೀಲಿಯನ್ನು ತಂದು ಗುರಮ್ಮನ ಉಡಿಯಲ್ಲಿ ಹಾಕಿದ.

“ಕೀಲಿ ನಿನ್ನ ಕಡೆ ಇರ್ಲಿ. ನೀ ಚಾಲೂ ಮಾಡು ಅನ್ನೋತನಕ ನಾ ಚಾಲೂ ಮಾಡಂಗಿಲ್ಲ. ಬೀರಪ್ಪನ ಆಣಿ.”

“ನಾ ಅನ್ನದೇ ಹೋದ್ರ?”

“ಅಂಗಳದಾಗ ಇಂಥ ಮಂಚ ಯಾರ ಮನ್ಯಾಗ ಅದ ಹೇಳು. ಅದರ ಮ್ಯಾಲ ಕೂತು ಕಾಯಿಪಲ್ಯ ಸೋಸು.”

ಅವಳು ನಿಜವಾಗಿಯೂ ಅದರ ಮೇಲೆ ಕೂತು ಮೆಂತ್ಯೆ ಸೋಸಿದಳು. ಬೆನ್ನಿಗೆ ಒರಗು ಚೆನ್ನಾಗಿತ್ತು. ಸೊಂಟಕ್ಕೆ ಹಿತವಾಯಿತು. ಮಾರನೆಯ ದಿನವೂ ಕೂತಳು. ಕುದುರೆ ಮೇಲೆ ಕೂತ ರೂಢಿ, ಕಚ್ಚೆ ಹಾಕಿದ ಸೀರೆ. ಎರಡೂ ಕಡೆ ಕಾಲು ಇಳಿಬಿಟ್ಟು ಕೂತಳು. ಚೀಲದ ಕೊರತೆಯನ್ನೂ ಅವಳೇ ನೀಗಿಸಿದಳು. ಹಳೆಯ ಕುದುರೆಯ ಜೋಡು ಚೀಲವನ್ನು ಅಟ್ಟದಿಂದ ತೆಗೆಸಿ ಸೀಟಿಗೆ ಅಡ್ಡ ಹಾಕಿಸಿದಳು. ಎರಡೂ ಬದಿ ಸಮ ತೂಕ, ಡುಬ್ಬದ ಗೊಡವೆಯೇ ಇಲ್ಲ. “ಇಷ್ಟ ಸಲೀಸ ಇತ್ತಲ್ರೀ ಅತ್ತಿ,” ಎಂದಳು ಸುವರ್ಣಾ. “ಕುದರಿಗಿ ಮಾತ್ರ ಡುಬ್ಬ ಇರಲಿಲ್ಲೇನು?” ಎಂದಳು ಗುರಮ್ಮ.

ಆಮೇಲೆ ಒಂದು ಸಂಜೆ ಊರು ನೋಡಿತು: ಅಂಬಾದಾಸ ಬೆವರು ಸುರಿಸುತ್ತ ಆ ದೊಡ್ಡ ಗಾಡಿಯನ್ನು ನೂಕುತ್ತಿದ್ದಾನೆ, ಗುರಮ್ಮ ಮೇಲೆ ನೆಟ್ಟಗೆ ಕೂತಿದ್ದಾಳೆ. ಎದುರು ಬಂದ ಮನ್ಮಥಪ್ಪ ದಾರಿ ಬಿಟ್ಟು ನಿಂತ.

“ಪೆಟ್ರೋಲ ತೀರೇದೇನೋ?”

“ಪೆಟ್ರೋಲ ತುಂಬ ಅದ ಕಾಕಾ.”

“ಮತ್ತ?”

“ಹೆಣತಿ ಅಪ್ಪಣಿ ಆಗಿಲ್ಲ.”

ಅಂಬಾದಾಸನ ರಟ್ಟೆ ಸೋತಾಗ ಭೀಮಾಶಂಕರ ನೂಕಿದ, ಶೇವಂತಾಬಾಯಿಯೂ ಒಂದು ಕೈ ಹಚ್ಚಿ, “ಹೊಸ ಮದುವಣಗಿತ್ತಿ ಮೆರವಣಿಗಿ ನೋಡ್ರೀ!” ಎಂದು ಕೂಗಿದಳು. ಗುರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಆದರೆ ಕೀಲಿ ಉಡಿಯಲ್ಲೇ ಇತ್ತು.

ಶ್ರಾವಣದ ಮೋಡ ಕವಿದವು. ಪಂಚಮಿ ಹತ್ತಿರ ಬಂತು. ಮಾಳಮ್ಮನ ಫೋನು ಬಂದರೆ ಗುರಮ್ಮ, “ನೋಡಾಮು ಯಕ್ಕಾ,” ಎಂದಷ್ಟೇ ಹೇಳುತ್ತಿದ್ದಳು. ಊರ ಹೊರಗೆ ದಿನ್ನೆಯ ಮೇಲೆ ಬೀರಪ್ಪನ ಗುಡಿ. ಸೋಮವಾರ ಗುಡಿಗೆ ಕಾಯಿ ಒಡೆಸಲು ಗುರಮ್ಮ ಹೊರಟಾಗ ಅಂಬಾದಾಸ, ಮಗನ ಜೊತೆ ಗಾಡಿಯನ್ನು ದಿನ್ನೆಯ ಮೇಲಕ್ಕೆ ನೂಕಿಕೊಂಡು ಬಂದ. ಇಳಿಯುವಾಗ ಹೇಳಿದ, “ಇಳಕಲು ಅದ. ಚಾಲೂ ಮಾಡೋದ ಬೇಕಾಗಿಲ್ಲ. ತಾನೇ ಇಳೀತದ. ಜೋಕಾಲಿ ಅಂತ ತಿಳಕೋ.”

ಅವಳು ಕೂತಳು. ಅವನು ಬ್ರೇಕು ಬಿಟ್ಟ. ಗಾಡಿ ಸದ್ದಿಲ್ಲದೆ ಜಾರಿತು. ಎಡಬಲಕ್ಕೆ ಸೋಯಾದ ಹಸಿರು ಹೊಲ ಹಿಂದಕ್ಕೆ ಸರಿಯಿತು. ಗಾಳಿ ಬಂತು, ಆದರೆ ಮುಂದಿನ ಗಾಜು ಅದನ್ನು ಸೀಳಿ ಬದಿಗೆ ಕಳಿಸಿತು. ಎರಡು ಕಲ್ಲು ಎಡವಿದಾಗ ಗಾಡಿ ಬಗ್ಗಿ ಎದ್ದಿತು, ಕುದುರೆ ಹಳ್ಳ ದಾಟಿದಂತೆ. ಗುರಮ್ಮನಿಗೆ ಹುಡುಗಿಯಾಗಿದ್ದಾಗಿನ ಹಾದಿಗಳು ನೆನಪಾದವು. ಕೆಳಗೆ ಸಪಾಟು ಬಂದಂತೆ ಗಾಡಿ ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ಊರಿಗೆ ಇನ್ನೂ ಒಂದು ಕೂಗಳತೆ ಇರುವಾಗಲೇ ನಿಂತಿತು. ಅಂಬಾದಾಸ ನೂಕಲು ಕಾಲು ಇಳಿಸಿದ.

ಅವನ ಹೆಗಲ ಮೇಲಿನಿಂದ ಕೀಲಿ ಹಿಡಿದ ಕೈ ಮುಂದೆ ಬಂತು.

“ಚಾಲೂ ಮಾಡ್ರಿ.”

“ಏನಂದಿ?”

“ಇಷ್ಟ ಲಗೂ ನಿಂತ್ರ ಯಾವ ಜೋಕಾಲಿ ಅದು? ಚಾಲೂ ಮಾಡ್ರಿ ಅಂದೆ.”

ಅವನು ಗುಂಡಿ ಒತ್ತಿದ. ಗುರಮ್ಮ ಕಣ್ಣು ಮುಚ್ಚಿ ಅಂಗಾಲಿನಲ್ಲಿ ಕೇಳಿದಳು. ನಡುಕ ಇತ್ತು. ಆದರೆ ಅದು ಅಂಗಾಲಿನಿಂದ ಮೊಣಕಾಲಿಗೆ ಏರಲಿಲ್ಲ. ಕಂಬಳಿಯಲ್ಲೇ ಸುತ್ತಿಕೊಂಡು ಕೂತಿತು. ಹಲ್ಲಿಗೆ ಹಲ್ಲು ಒತ್ತಿ ನೋಡಿದಳು. ಹಲ್ಲು ಸುಮ್ಮನಿದ್ದವು.

“ಬೆಕ್ಕು,” ಎಂದಳು.

“ಎಲ್ಲಿ?” ಅವನು ರಸ್ತೆ ನೋಡಿದ.

“ಉಡ್ಯಾಗ ಬೆಕ್ಕು ಮಲಗಿದ್ರ ಗುರುಗುರು ಅನ್ನತದಲ್ಲ, ಅಂಥದು. ಹೋಗ್ರಿ ಮುಂದ.”

ರೊಟ್ಟಿ ಪಂಚಮಿಯ ದಿನ, ಎಂದರೆ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ, ಬೆಳಗಾಗುತ್ತಲೇ ಅವರು ಹೊರಟರು. ಜೋಡು ಚೀಲದ ಒಂದು ಬದಿಗೆ ಅಳ್ಳು, ಇನ್ನೊಂದು ಬದಿಗೆ ಬೆಲ್ಲ ಮತ್ತು ಅಕ್ಕನಿಗೊಂದು ಹೊಸ ಕಂಬಳಿ. ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಬುತ್ತಿ. ಆ ಪೆಟ್ಟಿಗೆ ನೋಡಿ ಶೇವಂತಾಬಾಯಿ, “ಇದರಾಗ ಒಂದು ಕುರಿಮರಿ ಮಲಗತದ ನೋಡ,” ಎಂದು ಮತ್ತೆ ಗಲ್ಲಕ್ಕೆ ಕೈ ಇಟ್ಟಳು. ಉಮರಗಾ ದಾಟಿ ಕಾಸಾರ ಶಿರಸಿಯ ರಸ್ತೆ ಹಿಡಿದಾಗ ಜಡಿಮಳೆ ಬಂತು. ಎದುರಿನ ಗಾಜಿಗೆ ಹನಿ ಬಡಿಯುತ್ತಿದ್ದವು, ಗಂಡನ ಬೆನ್ನ ಮರೆಯಲ್ಲಿ ಗುರಮ್ಮನ ಸೀರೆಯ ಅಂಚಷ್ಟೇ ನೆನೆಯಿತು. ರಸ್ತೆಯ ತಗ್ಗುಗಳಿಗೆ ಲೆಕ್ಕವಿರಲಿಲ್ಲ. ಸಣ್ಣ ಗಾಡಿಗಳು ಕುಣಿಯುತ್ತಿದ್ದವು. ಇದು ತನ್ನ ಭಾರಕ್ಕೆ ತಾನೇ ಕೂತು ಸಾಗಿತು. ತಿರುಗಿಸುವಾಗ ಮಾತ್ರ ಮೊಂಡುತನ. ಬಜಾರದ ಇಕ್ಕಟ್ಟಿನಲ್ಲಿ ಅಂಬಾದಾಸ ಎರಡೂ ಕಾಲು ಊರಿ ಕೋಣ ಹೊರಳಿಸಿದಂತೆ ಹೊರಳಿಸಬೇಕಾಯಿತು. ಬಯಲಿಗೆ ಬಿದ್ದರೆ ಮತ್ತೆ ಅದರ ಸಮ ಯಾರೂ ಇಲ್ಲ.

ತೇರಣಾ ಹೊಳೆಯ ಸೇತುವೆಯ ನಡುವೆ ಎದುರಿಗೆ ಕಲ್ಲು ತುಂಬಿದ ಲಾರಿ ಬಂತು. ಸೇತುವೆ ನಡುಗಿತು. ಆ ನಡುಕ ಗಾಡಿಯದಲ್ಲ, ಕೆಳಗಿನದು. ಗುರಮ್ಮ ಗಂಡನ ಹೆಗಲನ್ನು ಚಿವುಟಿ ಹಿಡಿದಳು. “ನಿಲ್ಲಸ್ರಿ.” ಇಳಿದಳು. ಉಳಿದ ಸೇತುವೆಯನ್ನು ಮಳೆಯಲ್ಲೇ ನಡೆದಳು. ಅಂಬಾದಾಸ ಗಾಡಿ ಬಂದ್ ಮಾಡಿ ಅವಳ ಪಕ್ಕದಲ್ಲೇ ನೂಕಿಕೊಂಡು ನಡೆದ. ಆಚೆ ದಡದಲ್ಲಿ ಅವಳು ಕಾಲೊರೆಸಿಕೊಂಡು ಮತ್ತೆ ಹತ್ತಿದಳು.

ನಿಲಂಗಾ ದಾಟಿ ಶಿರೂರ ಅನಂತಪಾಳದಲ್ಲಿ ಚಹಾಕ್ಕೆ ನಿಂತರೆ ಜನ ಮುತ್ತಿದರು. “ಕಾಯ್ ಗಾಡಿ ಆಹೇ! ಮಾಮಾ, ಎವರೇಜ್ ಕಿತಿ?” ಎಂದು ಒಬ್ಬ ಕೇಳಿದ. ಲೀಟರಿಗೆ ಎಷ್ಟು ದೂರ ಎಂಬುದನ್ನು ಕೇಳದೆ ಯಾರೂ ಬಿಡುವುದಿಲ್ಲ. “ಅದನ್ನ ಮಂದ್ಯಾಗ ಕೇಳಬ್ಯಾಡ್ರಿ, ಗಾಡಿ ನಾಚತದ,” ಎಂದ ಅಂಬಾದಾಸ. ಗುರಮ್ಮ ಗಾಡಿಯ ಮೇಲಿಂದ ಇಳಿಯದೆ ಬಸಿಗೆ ಬಗ್ಗಿಸಿಕೊಂಡು ಚಹಾ ಕುಡಿದಳು. ಮುಂದೆ ಮಾಂಜ್ರಾ ಹೊಳೆಯ ಸೇತುವೆ ಬಂದಾಗ ಅಂಬಾದಾಸ ತಾನಾಗಿಯೇ ಮೆಲ್ಲಗೆ ಮಾಡಿದ.

“ನಿಲ್ಲಸಬ್ಯಾಡ್ರಿ,” ಎಂದಳು. “ಲಗೂ ದಾಟಸ್ರಿ.”

ಉದಗೀರದ ಓಣಿಯಲ್ಲಿ ಮಾಳಮ್ಮ ಕೋಲೂರಿ ಬಾಗಿಲಿಗೆ ಬಂದು ನಿಂತಿದ್ದಳು. ಗಾಡಿ ನಿಂತಿತು, ಗುರಮ್ಮ ಇಳಿದಳು. ಮಾಳಮ್ಮ ಕೋಲು ಗೋಡೆಗೆ ಒರಗಿಸಿ ತಂಗಿಯ ಎರಡೂ ಕೈ ಹಿಡಿದಳು. ಆಮೇಲೆ ಮಾಳಮ್ಮ ಗಾಡಿಯ ಕಡೆ ಕಣ್ಣು ಹೊರಳಿಸಿದಳು.

“ಇದರ ಮ್ಯಾಲ ಬಂದೇನ? ಖರೇನ?”

“ಇದರ ಮ್ಯಾಲೇ ಯಕ್ಕಾ. ಏನಂತ ಹೇಳ್ಲಿ ನಿನಗ. ಕುದರಿ ಬೆನ್ನ ಎಲುಬು ಚುಚ್ಚತದ, ಇದು ಚುಚ್ಚಂಗಿಲ್ಲ. ಕಾಲು ಚಾಚಿ ಕೂಡು ಅಂತದ, ಬೆನ್ನು ಒರಗಸು ಅಂತದ. ಮಳಿ ಬಂದ್ರ ಮರೆ ಮಾಡತದ. ತಗ್ಗಿನ್ಯಾಗ ಬಿದ್ರ ಜರಾ ಬಗ್ಗಿ ನಮಸ್ಕಾರ ಮಾಡಿ ಏಳತದ. ಬಾಯಿ ಭಾಳ ಮೆತ್ತಗ ಅದ, ದೊಡ್ಡ ಮನಿತನದ ಹೆಣ್ಣಮಗಳಂಗ. ಹೊಟ್ಟಿ ಮಾತ್ರ ದೊಡ್ಡದು, ಕುಡಿಯೋದೂ ಭಾಳ. ತೇರಣಾದಾಗ ಇಳದು ನಡದೆ, ಸುಳ್ಳು ಯಾಕ ಹೇಳ್ಲಿ. ಮಾಂಜ್ರಾದಾಗ ಇಳೀಲಿಲ್ಲ.”

“ಬಸ್ಸಿನ್ಯಾಗ ಕೂಡ್ತೀ ಇನ್ನ?”

“ಬಸ್ಸಿನ ಮಾತು ತೆಗೀಬ್ಯಾಡ.”

ಅಂಬಾದಾಸ ಚೀಲ ಇಳಿಸುತ್ತ ನಕ್ಕ.

ಮಾಳಮ್ಮನ ಸೊಸೆ ಹಬ್ಬಕ್ಕೆ ತನ್ನ ತವರಿಗೆ ಹೋಗಿದ್ದಳು. ಮಾರನೆಯ ದಿನ ಪಂಚಮಿ. ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ನಾಳೆಯ ರೊಟ್ಟಿಯನ್ನೂ ಇಂದೇ ಬಡಿದಿಡಬೇಕು. “ತವರಿಗಿ ಬಂದಾಕಿ ನೀ, ಕೂಡು,” ಎಂದು ಮಾಳಮ್ಮ ಗದರಿದರೂ ಗುರಮ್ಮ ಕೈಕಾಲು ತೊಳೆದು, ಸೆರಗು ಸಿಕ್ಕಿಸಿ, ಒಲೆಯ ಮುಂದೆ ಕೂತಳು. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದಳು. ಅಕ್ಕ ಗೋಡೆಗೆ ಒರಗಿ ಕೂತು ಉಂಡೆ ಮಾಡಿಕೊಟ್ಟಳು. ಪಟಪಟ ರೊಟ್ಟಿ ಅಗಲವಾಗುತ್ತಿತ್ತು.

ಹಿಂದಿನ ರಸ್ತೆಯಲ್ಲಿ ಬೇಳೆ ಮಿಲ್ಲಿನ ಲಾರಿ ಹೋಯಿತು. ಗೋಡೆಯ ಮಾಡದಲ್ಲಿ ಕಿಣಿಕಿಣಿ ಎಂದಿತು. ಅಲ್ಲಿಯೂ ಒಂದು ಚರಿಗೆ ಬೋರಲು, ಅದರ ಮೇಲೆ ಒಂದು ಲೋಟ ಬೋರಲು ಇದ್ದುದನ್ನು ಗುರಮ್ಮ ಆಗಷ್ಟೇ ನೋಡಿದಳು. ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ಮಾಳಮ್ಮ ಕೋಲಿಗೆ ಕೈ ಚಾಚಿ, ತಂಗಿಯ ಮುಖವನ್ನೇ ನೋಡುತ್ತಿದ್ದಳು.

“ಲಾರಿ,” ಎಂದಳು ಮಾಳಮ್ಮ.

“ಕೇಳಸ್ತು.”

ಲೋಟ ಸುಮ್ಮನಾಗುವ ತನಕ ಗುರಮ್ಮ ಹಾಗೇ ಕೂತಿದ್ದಳು. ಏಳಲಿಲ್ಲ. ಆಮೇಲೆ ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕಿದಳು, ಅರಿವೆಯನ್ನು ನೀರಿನಲ್ಲಿ ಅದ್ದಿ ಮೇಲೆ ಸವರಿದಳು, ಇನ್ನೊಂದು ಉಂಡೆಗೆ ಕೈ ಚಾಚಿದಳು.